ಎಲ್ಲ ಕ್ಯಾಮೆರಾಗಳಿಗೂ ಒಂದೇ ಭಾಷೆ

ಹಳೆಯ ಅನಲಾಗ್ ಸಿಸಿಟಿವಿ ಕ್ಯಾಮೆರಾಗಳಲ್ಲಿ ಈಗ ಯಾರೂ ನೆನೆಯದ ಒಂದು ಅನುಕೂಲವಿತ್ತು. ಕ್ಯಾಮೆರಾ ಯಾವ ಕಂಪನಿಯದ್ದೇ ಇರಲಿ, ಮಾನಿಟರ್ ಇನ್ಯಾವ ಕಂಪನಿಯದ್ದೇ ಇರಲಿ, ನಡುವೆ ಒಂದು ಕೇಬಲ್ ಎಳೆದು ಎರಡೂ ತುದಿ ಸಿಕ್ಕಿಸಿದರೆ ಪರದೆಯ ಮೇಲೆ ಚಿತ್ರ ಮೂಡುತ್ತಿತ್ತು. ಸಾಫ್ಟ್‌ವೇರ್, ಪಾಸ್‌ವರ್ಡ್, ಲೈಸೆನ್ಸ್ ಒಂದೂ ಬೇಕಿರಲಿಲ್ಲ. ಇದೇನು ಕ್ಯಾಮೆರಾ ಕಂಪನಿಗಳು ಕೂತು ಚರ್ಚಿಸಿ ಸಾಧಿಸಿದ ಒಪ್ಪಂದವಲ್ಲ, ಟೆಲಿವಿಷನ್ನಿನಿಂದ ಬಂದ ಬಳುವಳಿ. ಭಾರತದಲ್ಲೂ ಯುರೋಪಿನ ಬಹುಭಾಗದಲ್ಲೂ ಪಾಲ್, ಅಮೆರಿಕ ಮತ್ತು ಜಪಾನಿನಲ್ಲಿ ಎನ್‌ಟಿಎಸ್‌ಸಿ ಎಂಬ ಪ್ರಸಾರ ಪದ್ಧತಿಗಳು ಆಗಲೇ ನೆಲೆಯೂರಿದ್ದವು. ಕಾವಲು ಕ್ಯಾಮೆರಾಗಳೂ ಅದೇ ಸಂಕೇತವನ್ನು 75 ಓಮ್‌ನ ಕೇಬಲಿನಲ್ಲಿ ಹರಿಸಿದವು.

ತಂತ್ರಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮುನ್ನಡೆಯ ಕತೆಯಾಗಿಯೇ ಹೇಳುತ್ತೇವೆ. ಕಾವಲು ಕ್ಯಾಮೆರಾದ ಕತೆ ಆ ಅಚ್ಚಿಗೆ ಒಗ್ಗುವುದಿಲ್ಲ. ಅನಲಾಗ್‌ನಿಂದ ಡಿಜಿಟಲ್‌ಗೆ ದಾಟುವಾಗ ಅದು ಕೈಯಲ್ಲಿದ್ದದ್ದನ್ನು ಕಳೆದುಕೊಂಡಿತು. ಅದನ್ನು ಮರಳಿ ಪಡೆಯಲು ಕಂಪನಿಗಳು ಹನ್ನೆರಡು ವರ್ಷಗಳ ನಂತರ ಚೌಕಾಸಿಗೆ ಕೂರಬೇಕಾಯಿತು. ಆ ಚೌಕಾಸಿಯಲ್ಲಿ ಏನು ಒಳಗೆ ಬಂತು, ಏನು ಹೊರಗುಳಿಯಿತು ಎಂಬುದು ಈ ಬರಹದ ವಿಷಯ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಕಾಫಿ ಪಾತ್ರೆ ತುಂಬಿದೆಯೋ ಖಾಲಿಯೋ ಎಂದು ನೋಡಲು 1991ರಲ್ಲಿ ಕ್ಯಾಮೆರಾ ಹೂಡಿದ್ದು ಬಹಳ ಸಲ ಹೇಳಿಯಾಗಿರುವ ಕತೆ. ಮಾರುಕಟ್ಟೆಯ ಕತೆ ಶುರುವಾಗುವುದು 1996ರಲ್ಲಿ, ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ. ಅಲ್ಲಿನ ಆ್ಯಕ್ಸಿಸ್ ಎಂಬ ಕಂಪನಿ ಪ್ರಿಂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಅದೇ ಬುದ್ಧಿಯನ್ನು ಕ್ಯಾಮೆರಾಗೆ ಹಚ್ಚಿ 'ನೆಟ್‌ಐ 200' ಎಂಬುದನ್ನು ಹೊರತಂದಿತು. ಓಡಾಡುವ ಮನುಷ್ಯನ ಚಲನೆಯನ್ನು ಸರಾಗವಾಗಿ ತೋರಿಸುವಷ್ಟು ವೇಗ ಅದಕ್ಕಿರಲಿಲ್ಲ. ಆದರೆ ಕ್ಯಾಮೆರಾದೊಳಗೆ ಒಂದು ಪುಟ್ಟ ಕಂಪ್ಯೂಟರ್ ಬಂದು ಕೂತಿತ್ತು. ತಂತಿಯೊಳಗಿನ ಸಂಕೇತಕ್ಕೆ ಇದ್ದದ್ದು ಒಂದೇ ರೂಪ; ಕಂಪ್ಯೂಟರ್ ಹಾಗಲ್ಲ, ಹೇಳಿಕೊಟ್ಟ ಹಾಗೆ ಮಾತಾಡುತ್ತದೆ. ಒಬ್ಬೊಬ್ಬ ತಯಾರಕ ಒಂದೊಂದು ಮಾತು ಹೇಳಿಕೊಟ್ಟ.

ಈ ಗದ್ದಲದ ನಡುವೆ ಬೇರೆಯದೇ ಉದ್ದೇಶಕ್ಕೆ ಹುಟ್ಟಿದ ಒಂದು ಪ್ರೋಟೊಕಾಲ್ ನೆರವಿಗೆ ಬಂತು. 1998ರ ಏಪ್ರಿಲ್‌ನಲ್ಲಿ ಪ್ರಕಟವಾದ ಆರ್‌ಟಿಎಸ್‌ಪಿಯನ್ನು ಬರೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಹೆನಿಂಗ್ ಶುಲ್ಸ್‌ರಿನ್, ನೆಟ್‌ಸ್ಕೇಪ್‌ನ ಅನೂಪ್ ರಾವ್ ಮತ್ತು ರಿಯಲ್‌ನೆಟ್‌ವರ್ಕ್ಸ್‌ನ ರಾಬರ್ಟ್ ಲ್ಯಾನ್‌ಫಿಯರ್. ಆ ಎರಡು ಕಂಪನಿಗಳ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ: ಇಂಟರ್‌ನೆಟ್ಟಿನಲ್ಲಿ ಹಾಡು, ಸಿನಿಮಾ ಹರಿಸುವುದು. ಆರ್‌ಟಿಎಸ್‌ಪಿ ಚಿತ್ರವನ್ನು ಹೊರುವುದಿಲ್ಲ, ಅದೊಂದು ರಿಮೋಟ್ ಕಂಟ್ರೋಲ್ ಇದ್ದಂತೆ. 'ಡಿಸ್ಕ್ರೈಬ್' ಎಂದರೆ ನಿನ್ನಲ್ಲೇನಿದೆ ಹೇಳು. 'ಸೆಟಪ್' ಎಂದರೆ ದಾರಿ ಸಿದ್ಧ ಮಾಡು. ಆಮೇಲೆ 'ಪ್ಲೇ', 'ಪಾಸ್', ಮುಗಿದ ಮೇಲೆ 'ಟೇರ್‌ಡೌನ್'. ಚಿತ್ರವನ್ನು ಹೊತ್ತು ತರುವ ಕೂಲಿ ಕೆಲಸ ಆರ್‌ಟಿಪಿ ಎಂಬ ಇನ್ನೊಂದು ಪ್ರೋಟೊಕಾಲಿನದು.

ಮುಂದೆ ಮನರಂಜನೆಯ ಲೋಕ ಈ ರಿಮೋಟನ್ನು ಕೈಬಿಟ್ಟಿತು. 2009ರಲ್ಲಿ ಆ್ಯಪಲ್ ತಂದ ಎಚ್‌ಎಲ್‌ಎಸ್‌ನಂಥ ವಿಧಾನಗಳು ಸಿನಿಮಾವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಸಾಮಾನ್ಯ ವೆಬ್‌ಪುಟಗಳಂತೆ ಕಳಿಸತೊಡಗಿದವು. ಸಿನಿಮಾಕ್ಕೆಂದು ಹುಟ್ಟಿದ ಆರ್‌ಟಿಎಸ್‌ಪಿ ಮಾತ್ರ ಅಂಗಡಿ ಬಾಗಿಲ ಮೇಲಿನ, ಅಪಾರ್ಟ್‌ಮೆಂಟ್ ಗೇಟಿನ ಕ್ಯಾಮೆರಾಗಳಲ್ಲಿ ಉಳಿದುಕೊಂಡಿತು. 2016ರ ಡಿಸೆಂಬರ್‌ನಲ್ಲಿ ಅದರ ಎರಡನೇ ಆವೃತ್ತಿ ಬಂದರೂ ಕ್ಯಾಮೆರಾಗಳು ಇಂದಿಗೂ ಆಡುವುದು ಹೆಚ್ಚಾಗಿ 1998ರ ಮಾತನ್ನೇ. ಅನಲಾಗ್ ಕಾಲದಲ್ಲಿ ಟಿವಿಯಿಂದ, ಡಿಜಿಟಲ್ ಕಾಲದಲ್ಲಿ ವೆಬ್ ಸಿನಿಮಾದಿಂದ: ಕಾವಲಿನ ತಂತ್ರಜ್ಞಾನ ಎರಡು ಸಲವೂ ಮನರಂಜನೆಯ ಹಳೆಯ ಬಟ್ಟೆಯನ್ನೇ ತೊಟ್ಟಿದೆ.

ಆದರೆ ರಿಮೋಟ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕ್ಯಾಮೆರಾದ ವಿಳಾಸ ಯಾವುದು, ಅದನ್ನು ಎಡಕ್ಕೆ ತಿರುಗಿಸುವುದು ಹೇಗೆ, ಯಾರೋ ಹಾದುಹೋದರೆ ಅದು ತಿಳಿಸುವುದು ಹೇಗೆ ಎಂಬುದೆಲ್ಲ ಆಯಾ ಕಂಪನಿಯ ಮರ್ಜಿ. ಡೆನ್ಮಾರ್ಕಿನ ಮೈಲ್‌ಸ್ಟೋನ್, ಕೆನಡಾದ ಜೆನೆಟೆಕ್‌ನಂಥ ಸಾಫ್ಟ್‌ವೇರ್ ಕಂಪನಿಗಳು ಪ್ರತಿ ತಯಾರಕನ ಕ್ಯಾಮೆರಾಗೂ ಬೇರೆ ಬೇರೆ ಡ್ರೈವರ್ ಬರೆಯಬೇಕಾಯಿತು. ಕೊಳ್ಳುವವನ ಪಾಡು ಇನ್ನೂ ಕಷ್ಟ. ಮೊದಲ ಸಲ ಯಾರ ಬಳಿ ವ್ಯಾಪಾರ ಮಾಡಿದನೋ ಹತ್ತು ವರ್ಷವಾದರೂ ಅವರ ಅಂಗಡಿಗೇ ಹೋಗಬೇಕು.

2008ರಲ್ಲಿ ಆ್ಯಕ್ಸಿಸ್, ಬಾಷ್, ಸೋನಿ ಮೂರೂ ಸೇರಿ ಒನ್‌ವಿಫ್ ಎಂಬ ವೇದಿಕೆ ಕಟ್ಟಿದವು. ಮೊದಲಿಗೆ ಅದರ ಪೂರ್ಣ ಹೆಸರು 'ಓಪನ್ ನೆಟ್‌ವರ್ಕ್ ವಿಡಿಯೊ ಇಂಟರ್‌ಫೇಸ್ ಫೋರಂ'. ಮಾರುಕಟ್ಟೆಯಲ್ಲಿ ಪರಸ್ಪರ ಕತ್ತು ಹಿಸುಕುವ ಕಂಪನಿಗಳು ಒಟ್ಟಿಗೆ ಕೂತದ್ದೇಕೆ? ಔದಾರ್ಯದಿಂದ ಎಂದು ನನಗನಿಸುವುದಿಲ್ಲ. ಆಗಿನ್ನೂ ಹೆಚ್ಚು ಮಾರಾಟವಾಗುತ್ತಿದ್ದದ್ದು ಅನಲಾಗ್ ಕ್ಯಾಮೆರಾಗಳೇ. ಯಾವುದಕ್ಕೆ ಯಾವುದನ್ನು ಜೋಡಿಸಿದರೂ ನಡೆಯುತ್ತದೆ ಎಂಬ ಭರವಸೆ ಅವುಗಳ ದೊಡ್ಡ ಬಲ. ಆ ಭರವಸೆಯನ್ನು ಡಿಜಿಟಲ್ ಕ್ಯಾಮೆರಾಗೂ ತಂದುಕೊಡದೆ ಮಾರುಕಟ್ಟೆ ಹಿಗ್ಗುವಂತಿರಲಿಲ್ಲ.

ಅದೇ 2008ರಲ್ಲಿ ಸಿಸ್ಕೊ ಸೇರಿದಂತೆ ಬೇರೆ ಕೆಲವು ಕಂಪನಿಗಳು ಪಿಎಸ್‌ಐಎ ಎಂಬ ಎದುರು ಬಣ ಕಟ್ಟಿದವು. ಎತ್ತು ಏರಿಗೆ, ಕೋಣ ನೀರಿಗೆ. ಒನ್‌ವಿಫ್ ಆಯ್ದುಕೊಂಡದ್ದು ದೊಡ್ಡ ಕಚೇರಿಗಳ ಕಂಪ್ಯೂಟರ್ ಲೋಕದಿಂದ ಬಂದ ಸೋಪ್ ಎಂಬ ಭಾರದ ವಿಧಾನ. ಪಿಎಸ್‌ಐಎ ಹಿಡಿದದ್ದು ರೆಸ್ಟ್ ಎಂಬ ಹಗುರವಾದ ವೆಬ್ ಶೈಲಿ. ತಾಂತ್ರಿಕವಾಗಿ ಎರಡನೆಯದೇ ಸರಳವೆಂದು ನನ್ನ ಅನಿಸಿಕೆ. ಗೆದ್ದದ್ದು ಮೊದಲನೆಯದು. ತಮಾಷೆಯೆಂದರೆ, ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಇಸಿ ತನ್ನ 62676 ಮಾನಕದ ಒಂದು ಭಾಗದಲ್ಲಿ ರೆಸ್ಟ್ ದಾರಿಯನ್ನೂ ಮತ್ತೊಂದು ಭಾಗದಲ್ಲಿ ಒನ್‌ವಿಫ್ ದಾರಿಯನ್ನೂ ಅಕ್ಕಪಕ್ಕ ಇಟ್ಟು ಎರಡಕ್ಕೂ ಮಾನಕದ ಮುದ್ರೆ ಒತ್ತಿತು. ಸೋತವರ ಗುರುತೂ ಪೂರ್ತಿ ಅಳಿದಿಲ್ಲ. ಚೀನಾದ ಹಿಕ್‌ವಿಷನ್‌ನ ಹಳೆಯ ಕ್ಯಾಮೆರಾಗಳ ಆರ್‌ಟಿಎಸ್‌ಪಿ ವಿಳಾಸದ ನಡುವೆ ಪಿಎಸ್‌ಐಎ ಎಂಬ ನಾಲ್ಕು ಅಕ್ಷರಗಳು ಕಾಣಸಿಗುತ್ತವೆ.

ಗೆದ್ದ ಒನ್‌ವಿಫ್‌ಗೂ ಮೊದಲ ವರ್ಷಗಳು ಸಲೀಸಾಗಿರಲಿಲ್ಲ. ಡಬ್ಬದ ಮೇಲೆ ಒನ್‌ವಿಫ್ ಎಂದು ಬರೆದಿದ್ದ ಎರಡು ಸಾಧನಗಳು ಒಂದರೊಡನೊಂದು ಮಾತಾಡದ ಪ್ರಸಂಗಗಳಿದ್ದವು, ಏಕೆಂದರೆ ಮಾನಕದ ಯಾವ ಭಾಗ ಕಡ್ಡಾಯ, ಯಾವುದು ಐಚ್ಛಿಕ ಎಂಬ ಗೆರೆ ಸ್ಪಷ್ಟವಿರಲಿಲ್ಲ. ಅದಕ್ಕೆ ಪರಿಹಾರವಾಗಿ 2011ರಲ್ಲಿ ಬಂದದ್ದು 'ಪ್ರೊಫೈಲ್ ಎಸ್'. ಅದು ಎಲ್ಲರಿಗೂ ಕಡ್ಡಾಯ ಮಾಡಿದ ಚಿತ್ರರೂಪ ಮೋಷನ್ ಜೆಪೆಗ್, ಅಂದರೆ ಫೋಟೊಗಳನ್ನು ಒಂದರ ಹಿಂದೊಂದು ಕಳಿಸುವ ಹಳೆಯ, ಹೆಚ್ಚು ಜಾಗ ತಿನ್ನುವ ವಿಧಾನ. ಆ ಹೊತ್ತಿಗೆ ಎಲ್ಲರೂ ಬಳಸುತ್ತಿದ್ದ ಎಚ್.264 ಐಚ್ಛಿಕವಾಗಿಯೇ ಉಳಿಯಿತು. ಸ್ಪರ್ಧಿಗಳ ಒಪ್ಪಂದ ನಿಲ್ಲುವುದು ಯಾರಿಗೂ ತಕರಾರಿಲ್ಲದ ಕನಿಷ್ಠ ಬಿಂದುವಿನಲ್ಲಿ. ಇನ್ನೊಂದು ಸಂಗತಿ: ಸಾಧನ ಮಾನಕಕ್ಕೆ ತಕ್ಕಂತಿದೆ ಎಂದು ಘೋಷಿಸುವವನು ತಯಾರಕನೇ. ಒನ್‌ವಿಫ್ ಕೊಟ್ಟ ಪರೀಕ್ಷಾ ಸಾಫ್ಟ್‌ವೇರನ್ನು ಓಡಿಸಿ ಫಲಿತಾಂಶ ಸಲ್ಲಿಸುವುದು ಅವನ ಕೆಲಸ.

ಇನ್ನು ಹೊರಗುಳಿದದ್ದು. ಕ್ಯಾಮೆರಾಗಳು ಮಾತಾಡುವುದು ಹೇಗೆಂದು ಒಪ್ಪಿದವರು, ಅವುಗಳ ಜೊತೆ ಮಾತಾಡಲು ಯಾರಿಗೆ ಹಕ್ಕಿದೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಯೋಚಿಸಲಿಲ್ಲ. 2016ರಲ್ಲಿ ಬಂದ 'ಪ್ರೊಫೈಲ್ ಕ್ಯೂ' ಅಳವಡಿಕೆಯನ್ನು ಸುಲಭ ಮಾಡಲು ಹೊರಟಿತ್ತು. ಅದರ ಪ್ರಕಾರ ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿ ಸಾಧನ ಪಾಸ್‌ವರ್ಡ್ ಕೇಳದೆ ಎಲ್ಲರ ಆಜ್ಞೆಯನ್ನೂ ಪಾಲಿಸಬೇಕು! ಅದೇ ವರ್ಷ ಮಿರಾಯ್ ಎಂಬ ದುಷ್ಟ ತಂತ್ರಾಂಶ ಸುಮಾರು 60 ಜೋಡಿ ಸಿದ್ಧ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸುತ್ತ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರುಗಳೊಳಗೆ ನುಗ್ಗಿತು. ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲೆ ಅವುಗಳನ್ನು ಛೂಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತಡವರಿಸಿದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮಿರಾಯ್ ನುಗ್ಗಿದ್ದು ಟೆಲ್ನೆಟ್ ಎಂಬ ಹಿತ್ತಿಲ ಬಾಗಿಲಿನಿಂದ, ಒನ್‌ವಿಫ್‌ನಿಂದಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಮುಂದಿನ ಎರಡು ಘಟನೆಗಳು ಮಾನಕದ ಹೊಸ್ತಿಲಿಗೇ ಬಂದವು. 2017ರಲ್ಲಿ ಸೆನ್ರಿಯೊ ಎಂಬ ಸಂಸ್ಥೆ ಆ್ಯಕ್ಸಿಸ್ ಕ್ಯಾಮೆರಾವೊಂದರಲ್ಲಿ ಪತ್ತೆ ಹಚ್ಚಿದ ದೋಷ ಇದ್ದದ್ದು ಜಿಸೋಪ್ ಎಂಬ ಗ್ರಂಥಾಲಯದಲ್ಲಿ, ಅಂದರೆ ಒನ್‌ವಿಫ್ ಮಾತನ್ನು ಅರ್ಥೈಸಲು ಹಲವು ತಯಾರಕರು ಎರವಲು ಪಡೆದಿದ್ದ ಕೋಡಿನಲ್ಲಿ. ಆ್ಯಕ್ಸಿಸ್‌ನದೇ 249 ಮಾದರಿಗಳಲ್ಲಿ ಆ ದೋಷವಿತ್ತು. 2019ರಲ್ಲಿ, ನೆಟ್‌ವರ್ಕಿನಲ್ಲಿ ಯಾವ ಯಾವ ಕ್ಯಾಮೆರಾ ಇದೆಯೆಂದು ಕೂಗಿ ಕೇಳಲು ಒನ್‌ವಿಫ್ ಬಳಸುವ ಡಬ್ಲ್ಯುಎಸ್-ಡಿಸ್ಕವರಿ ಎಂಬ ವಿಧಾನವೇ ದಾಳಿಯ ಅಸ್ತ್ರವಾಯಿತು. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವುದು ಅದರ ಗುಣ. ಪ್ರಶ್ನೆ ಕೇಳುವವನು ಬೇರೊಬ್ಬರ ವಿಳಾಸ ಬರೆದರೆ ಉತ್ತರಗಳ ಪ್ರವಾಹ ಆ ಬಡಪಾಯಿಯ ಮೇಲೆ ಬೀಳುತ್ತದೆ. ಅಂಥ ಒಂದು ದಾಳಿಯಲ್ಲಿ ಅಕಮಾಯ್ ಅಳೆದದ್ದು ಸೆಕೆಂಡಿಗೆ 35 ಗಿಗಾಬಿಟ್. ಪ್ರೊಫೈಲ್ ಕ್ಯೂವನ್ನು ಒನ್‌ವಿಫ್ 2022ರಲ್ಲಿ ಹಿಂತೆಗೆದುಕೊಂಡಿತು. ಭಾರತ ಸರ್ಕಾರ 2024ರಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿದ್ದಕ್ಕೂ ಈ ಹಿನ್ನೆಲೆಯಿದೆ.

ಎರಡನೆಯ ಕೊರತೆಯ ಬಗ್ಗೆ ಚರ್ಚೆ ಕಡಿಮೆ. ನೇರ ಚಿತ್ರವನ್ನು ನೋಡುವ ಬಗೆಗೆ ಒಪ್ಪಂದ ಮೊದಲಾಯಿತು, ಮುದ್ರಿತ ಚಿತ್ರವನ್ನು ಮತ್ತೊಬ್ಬರ ಕೈಗೆ ಕೊಡುವ ಬಗೆಗೆ ತಡವಾಯಿತು. ರಫ್ತು ಮಾಡಿದ ಕಡತ ಹೇಗಿರಬೇಕೆಂದು ಐಎಸ್‌ಒ 2012ರಲ್ಲೇ 22311 ಎಂಬ ಮಾನಕ ತಂದಿತು, ಒನ್‌ವಿಫ್ ಕೂಡ ಕಡತದ ರೂಪವೊಂದನ್ನು ಸೂಚಿಸಿದೆ. ಆದರೂ ಎಷ್ಟೋ ಡಿವಿಆರ್‌ಗಳಿಂದ ಪೆನ್‌ಡ್ರೈವಿಗೆ ಇಳಿಯುವುದು ಆ ಕಂಪನಿಯ ಪ್ಲೇಯರಿನಲ್ಲಿ ಮಾತ್ರ ತೆರೆಯುವ ಕಡತ.

ಕರ್ನಾಟಕದಲ್ಲಿ ಜನ ಸೇರುವ ಜಾಗಗಳು ಕ್ಯಾಮೆರಾ ಹಾಕಿ 30 ದಿನಗಳ ದೃಶ್ಯ ಉಳಿಸಿಕೊಳ್ಳಬೇಕೆಂದು 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅದಕ್ಕಿಂತ ತೂಕದ್ದು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ. ದೇಶದ ಪ್ರತಿ ಪೊಲೀಸ್ ಠಾಣೆಯ ಲಾಕಪ್, ಕಾರಿಡಾರುಗಳಲ್ಲಿ ಕ್ಯಾಮೆರಾ ಇರಬೇಕು, ಕತ್ತಲಲ್ಲೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ಠಾಣೆಯಲ್ಲಿ ಪೆಟ್ಟು ತಿಂದವರ ಪರವಾಗಿ ಮಾನವ ಹಕ್ಕು ಆಯೋಗವೋ ನ್ಯಾಯಾಲಯವೋ ಆ ದೃಶ್ಯವನ್ನು ತರಿಸಿಕೊಳ್ಳಬಹುದು.

ತರಿಸಿಕೊಂಡ ಕಡತ ನ್ಯಾಯಾಲಯದ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ? ಎಂಪಿ4ಗೆ ಬದಲಾಯಿಸಿದರಾಯಿತು ಎನ್ನಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಅದು ಕಡತದ ಬೆರಳಚ್ಚು ಇದ್ದಂತೆ. ಕಡತದ ರೂಪ ಬದಲಾಯಿಸಿದ ಕೂಡಲೇ ಅದೂ ಬದಲಾಗುತ್ತದೆ. ಆಗ ಎರಡು ಕಡತ, ಎರಡು ಬೆರಳಚ್ಚು. ಎರಡರಲ್ಲೂ ಇರುವುದು ಅದೇ ಲಾಕಪ್ಪಿನ ಅದೇ ರಾತ್ರಿ ಎಂದು ಯಾರಾದರೂ ಪ್ರತ್ಯೇಕವಾಗಿ ಸಾಬೀತು ಮಾಡಬೇಕು, ಆ ಖರ್ಚನ್ನು ಯಾರಾದರೂ ಭರಿಸಬೇಕು.