ಲಂಡನ್ ನಗರದಲ್ಲಿ ನಮ್ಮ ತೆಂಗಿನ ಸೀಮೆಯ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ವ್ಯಾಸಂಗಕ್ಕೋ ಉದ್ಯೋಗಕ್ಕೋ ಲಂಡನ್ ನಗರಕ್ಕೆ ಹೋಗುವವರು ಈಗ ವಿರಳರಲ್ಲ. ಮಕ್ಕಳ ಸಂಸಾರವನ್ನು ಕಂಡು ಬರಲು ಕೊಬ್ಬರಿ, ಚಟ್ನಿಪುಡಿಗಳ ಗಂಟಿನೊಡನೆ ಹೊರಡುವ ತಂದೆತಾಯಿಗಳೂ ಉಂಟು. ಹೋದವರು ಥೇಮ್ಸ್ ನದಿಯ ಸೇತುವೆಗಳನ್ನೂ ರಾಜಮಂದಿರವನ್ನೂ ಹಳೆಯ ಕೋಟೆಯನ್ನೂ ನೋಡಿ ಸಂತೋಷಪಟ್ಟು ಹಿಂದಿರುಗುತ್ತಾರೆ. ಅವೆಲ್ಲವೂ ನೋಡತಕ್ಕವೇ ಸರಿ. ಆದರೆ ಆ ರಾಜಧಾನಿಯಲ್ಲಿ ನಮ್ಮ ಸೀಮೆಯ ಪೂರ್ವವೃತ್ತಾಂತದ ಕೆಲವು ಪುಟಗಳೂ ಇರುವುವೆಂಬುದನ್ನು ತಿಳಿದು ಹೋದರೆ, ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ಸೇಂಟ್ ಪಾಲ್ ದೇವಾಲಯವನ್ನು ತೆಗೆದುಕೊಳ್ಳೋಣ. 1666ರ ಮಹಾ ಅಗ್ನಿಪ್ರಮಾದದಲ್ಲಿ ಹಳೆಯ ದೇವಾಲಯವು ಬೆಂದುಹೋದ ಮೇಲೆ ಕ್ರಿಸ್ಟೊಫರ್ ರೆನ್ ಎಂಬ ಶಿಲ್ಪಿಯು ಕಟ್ಟಿಸಿದ ಭವ್ಯಮಂದಿರವಿದು. ಇದರೊಳಗೆ ಕಾರ್ನ್‌ವಾಲೀಸನ ಸ್ಮಾರಕವಿದೆ; ನೆಲಮಾಳಿಗೆಯಲ್ಲಿ ವೆಲ್ಲಿಂಗ್ಟನ್ ಪ್ರಭುವಿನ ಸಮಾಧಿಯಿದೆ. ಇಂಗ್ಲೆಂಡಿನವರಿಗೆ ವೆಲ್ಲಿಂಗ್ಟನ್ನನು ವಾಟರ್ಲೂ ಯುದ್ಧದ ವೀರ. ನಮಗೆ ಅವನು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಕಾರ್ನ್‌ವಾಲೀಸನಾದರೋ ಮೂರನೆಯ ಮೈಸೂರು ಯುದ್ಧದ ಸೇನಾಧಿಪತಿ. ಆ ಯುದ್ಧವನ್ನು ಪಾಠಪುಸ್ತಕಗಳು 1792ರ ಕೌಲಿನಿಂದ ಅಳೆಯುತ್ತವೆ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ರಾಜಕುಮಾರರು. ಚಿಕ್ಕನಾಯಕನಹಳ್ಳಿಯ ಲೆಕ್ಕವೇ ಬೇರೆ. ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರಿನ ಈ ಪೇಟೆಯು ನೆಯ್ಗೆಗೂ ವ್ಯಾಪಾರಕ್ಕೂ ಹೆಸರಾಗಿದ್ದಿತು. 1791ರಲ್ಲಿ ಕಾರ್ನ್‌ವಾಲೀಸನಿಗೆ ಮಿತ್ರರಾಗಿದ್ದ ಮರಾಠರ ಸೈನ್ಯವು ಪರಶುರಾಮ ಭಾವೂವಿನ ಕೈಕೆಳಗೆ ಇತ್ತ ಬಂದು ಊರನ್ನು ಸುಲಿಯಿತು. ಅದೇ ವರ್ಷ ಮರಾಠರ ದಂಡಿನವರಿಂದ ಶೃಂಗೇರಿಯ ಮಠಕ್ಕೂ ಇದೇ ಗತಿಯಾಯಿತು. ಅದಕ್ಕೆ ಟಿಪ್ಪು ಸುಲ್ತಾನನು ಕಳುಹಿದ ನೆರವಿನ ವಿಚಾರವನ್ನು ಅವನ ಕನ್ನಡ ಪತ್ರಗಳಿಂದಲೇ ತಿಳಿಯಬಹುದು. ಸುಲಿಗೆಗೆ ಸಿಕ್ಕಿದ ನೇಕಾರರಿಗೂ ವರ್ತಕರಿಗೂ ಯಾವ ದೇವಾಲಯದಲ್ಲಿಯೂ ಅಮೃತಶಿಲೆಯ ಸ್ಮಾರಕವಿಲ್ಲ. ಕಾರ್ನ್‌ವಾಲೀಸನ ಪ್ರತಿಮೆಯ ಮುಂದೆ ನಿಂತ ನಮ್ಮವರು ಅವರನ್ನು ಒಂದು ಗಳಿಗೆ ನೆನೆದರೆ ಅನುಚಿತವಾಗಲಾರದು.

ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿಯ ವಿಷಯವನ್ನು ಎಲ್ಲರೂ ಬಲ್ಲರು. ಐರೋಪ್ಯ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಅದು. ಹೊಟ್ಟೆಯೊಳಗೆ ವಾದ್ಯದ ಯಂತ್ರವಿದೆ. ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ಆರ್ತನಾದವೂ ಕೇಳುತ್ತವೆ. 1808ರಿಂದ ಇದನ್ನು ಕುಂಪಣಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಯುದ್ಧದಲ್ಲಿ ಕೊಳ್ಳೆಹೊಡೆದ ವಸ್ತು ಎಷ್ಟು ಜೋಪಾನವಾಗಿದ್ದರೂ ಕೊಳ್ಳೆಯ ವಸ್ತುವೇ ಎಂಬುದು ನಮ್ಮ ಅಭಿಪ್ರಾಯ.

ಆದರೆ ತೆಂಗಿನ ಸೀಮೆಯವರಿಗೆ ಹುಲಿಗಿಂತ ಹೆಚ್ಚು ಬೆಲೆಯುಳ್ಳದ್ದು ಒಂದು ಪುಸ್ತಕ. ಶ್ರೀರಂಗಪಟ್ಟಣವು ಕೈಸೇರಿದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಕುಂಪಣಿಯ ವೈದ್ಯನನ್ನು ಈ ದೇಶಗಳ ಬೆಳೆ, ಕಸುಬು, ವಾಣಿಜ್ಯಗಳನ್ನು ವಿಚಾರಿಸಿ ಬರುವಂತೆ ಕಳುಹಿಸಿದನು. ಇವನು ಸ್ಕಾಟ್ಲೆಂಡಿನವನು, ಸಸ್ಯಶಾಸ್ತ್ರದಲ್ಲಿ ಪಂಡಿತ. ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದನು. ಅವನ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಚಿಕ್ಕನಾಯಕನಹಳ್ಳಿಯೂ ಉಂಟು, ತುರುವೇಕೆರೆಯೂ ಉಂಟು. ಊರ ಹೆಸರುಗಳ ಕಾಗುಣಿತವನ್ನು ಕಂಡರೆ ನಗು ಬರುತ್ತದೆ. ಬರೆದಿರುವ ಸಂಗತಿಗಳನ್ನು ಕಂಡರೆ ನಗು ನಿಲ್ಲುತ್ತದೆ. ತೆಂಗು ಅಡಿಕೆಗಳ ತೋಟಗಳಿಗೆ ಯಾವ ಮಣ್ಣು ಒಗ್ಗುವುದು, ಸಸಿಯನ್ನು ಹೇಗೆ ನೆಡುವರು, ನೀರು ಹೇಗೆ, ಸರ್ಕಾರಕ್ಕೆ ಸಲ್ಲುವ ಪಾಲು ಎಷ್ಟು ಎಂಬಿವನ್ನು ತೋಟಗಾರರ ಬಾಯಿಂದ ಕೇಳಿ ಬರೆದುಕೊಂಡಿದ್ದಾನೆ. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಟ್ಟು, ಒಳಗೆ ಗಿಟಕು ಕುಲುಕಿ ಸದ್ದಾದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುವ ನಮ್ಮವರ ತಾಳ್ಮೆಗೆ ಎಷ್ಟು ತಲೆಮಾರುಗಳ ತೋಟದ ಅನುಭವವು ಬೆನ್ನಿಗಿದೆಯೆಂಬುದನ್ನು ಈ ಪುಟಗಳಿಂದ ಊಹಿಸಬಹುದು.

ಬುಕಾನನ್ನನ ದೃಷ್ಟಿಯು ನಿಷ್ಪಕ್ಷಪಾತವಾದುದೆಂದು ಭ್ರಮಿಸಬೇಕಾಗಿಲ್ಲ. ಗೆದ್ದ ದೇಶದ ಹುಟ್ಟುವಳಿಯನ್ನು ಲೆಕ್ಕ ಹಾಕಲು ಬಂದವನು ಅವನು. ನಮ್ಮ ಜನರ ಆಚಾರಗಳನ್ನೂ ಪುರಾಣಗಳನ್ನೂ ಹಲವು ಕಡೆ ತಾತ್ಸಾರದಿಂದ ಕಂಡಿದ್ದಾನೆ. ಹೀಗಿದ್ದರೂ ರಾಜರ ವಂಶಾವಳಿಗಳೇ ಚರಿತ್ರೆಯೆನಿಸಿದ್ದ ಕಾಲದಲ್ಲಿ ಒಕ್ಕಲು ಮಕ್ಕಳ ನೇಗಿಲು, ಗೊಬ್ಬರ, ಕೂಲಿ, ಸಂತೆಗಳನ್ನು ಬರೆದಿಟ್ಟವರು ಬೇರೆ ಎಷ್ಟು ಮಂದಿ? ಉತ್ತರ ಹೇಳಿದ ತೋಟಗಾರರ ಹೆಸರುಗಳನ್ನೂ ಬರೆದಿಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಅದೇ ಕಾಲದಲ್ಲಿ ಮೈಸೂರು ದೇಶವನ್ನು ಅಳೆದ ಕಾಲಿನ್ ಮೆಕೆಂಜಿಯ ನಕ್ಷೆಗಳೂ ಚಿತ್ರಗಳೂ ಇಂಗ್ಲಿಷಿಗೆ ತರ್ಜುಮೆಯಾದ ಕಾಗದಗಳೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಟಿಪ್ಪುವು ತನ್ನ ಕೈಯಿಂದಲೇ ಬರೆದ ಕನಸುಗಳ ಪುಸ್ತಕವೂ ಅಲ್ಲಿಯೇ ಇದೆ. ಮೆಕೆಂಜಿಗೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ಸಹೋದರರು ಬಲಗೈಯಾಗಿದ್ದರು. ಊರೂರು ತಿರುಗಿ ಶಾನುಭೋಗರಿಂದ ಕೈಫಿಯತ್ತುಗಳನ್ನು ಸಂಗ್ರಹಿಸಿದ ಶ್ರಮವು ಇಂಥವರದು. ಕನ್ನಡದ ಕೈಫಿಯತ್ತುಗಳಾದರೋ ಸಮುದ್ರ ದಾಟಿ ಹೋಗದೆ ಚೆನ್ನೈ ನಗರದ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಉಳಿದವು. ಎಂ. ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿದ ಮೇಲೆ ಅವು ಎಲ್ಲರ ಕೈಗೂ ಎಟುಕುವಂತಾದವು. ಆದುದರಿಂದ ಮೂಲವನ್ನು ಓದಬೇಕೆನ್ನುವವರು ಲಂಡನ್ನಿಗೆ ಹೋಗಬೇಕಾದುದೇ ಇಲ್ಲ!

ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟ್ ಭವನವನ್ನು ನೋಡುವಾಗ, 1831ರಲ್ಲಿ ಕೈತಪ್ಪಿದ ಆಡಳಿತವು 1881ರಲ್ಲಿ ಮೈಸೂರು ರಾಜವಂಶಕ್ಕೆ ಮರಳಿದ ಕಥೆಯ ಮುಖ್ಯ ತೀರ್ಮಾನಗಳು ಆ ನಗರದಲ್ಲಿಯೇ ಆದವೆಂಬುದನ್ನು ನೆನೆಯಬಹುದು. ಅದರಿಂದ ಸ್ವಲ್ಪ ದೂರದಲ್ಲಿ, ನದಿಯ ಆಚೆಯ ದಡದ ಲ್ಯಾಂಬೆತ್‌ನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಇದು ಕೊಳ್ಳೆಹೋದುದಲ್ಲ, ನಮ್ಮವರೇ ಅಲ್ಲಿ ನಿಲ್ಲಿಸಿದುದು.

ಇನ್ನೊಂದು ಹೆಸರನ್ನು ಹೇಳದೆ ಬಿಡಲಾಗದು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು 1927ರಲ್ಲಿ ಲಂಡನ್ನಿಗೆ ಸಮೀಪದ ಹ್ಯಾರೋದಲ್ಲಿ ತೀರಿಕೊಂಡರು. ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯದು; 1904ರಲ್ಲಿ ಹೊರಬಂದಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಯೋಗಮಾಧವ ದೇವಾಲಯವು 1261ರದು, ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವು 1286ರದು. ಎರಡೂ ಹೊಯ್ಸಳ ಮೂರನೆಯ ನರಸಿಂಹನ ಆಳಿಕೆಯಲ್ಲಿ ದಂಡನಾಯಕರು ಕಟ್ಟಿಸಿದವು. ಇವು ಸೇಂಟ್ ಪಾಲ್ ದೇವಾಲಯದ ಈಗಿನ ಕಟ್ಟಡಕ್ಕಿಂತ ನಾಲ್ಕು ನೂರು ವರ್ಷಗಳಷ್ಟು ಹಿರಿಯವು. ತಿಪಟೂರಿನಿಂದ ಬೆಳಗ್ಗೆ ಹೊರಟರೆ ಎರಡನ್ನೂ ನೋಡಿಕೊಂಡು ಸಂಜೆಯೊಳಗೆ ಮನೆಗೆ ಹಿಂದಿರುಗಬಹುದು.