ಊರಿನ ಮಕ್ಕಳೇ ಸ್ವಯಂಸೇವಕರು: ನಾಲ್ಕು ತಾಲ್ಲೂಕುಗಳಲ್ಲಿ ವಿದ್ಯಾರ್ಥಿ ಸೇವೆಯ ಹಾದಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಳೆ ನೆಚ್ಚಿದ ಬೇಸಾಯ, ಆಳಕ್ಕಿಳಿದ ಕೊಳವೆಬಾವಿ, ಬೆಂಗಳೂರಿನತ್ತ ಗುಳೆ ಇಲ್ಲಿನ ದಿನನಿತ್ಯದ ಮಾತು. ಸರ್ಕಾರಿ ಪದವಿ ಕಾಲೇಜಿಗೆ ಬರುವವರಲ್ಲಿ ಬಹುಪಾಲು ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿಯುವ ಮಕ್ಕಳು. ವಿದ್ಯಾರ್ಥಿ ಸೇವೆ ಈ ಸೀಮೆಯಲ್ಲಿ ಏನಾಯಿತು, ಏನಾಗಬಹುದು ಎಂಬುದನ್ನು, ಓದುವವರು ಹಳ್ಳಿಯವರೇ ಎಂಬ ಈ ಸಂಗತಿಯಿಂದಲೇ ಅಳೆಯಬೇಕು.

ಓದುವವರು ಸಮಾಜದ ಕೆಲಸಕ್ಕೂ ಕೈಹಾಕಬೇಕೆಂದು ಸ್ವಾತಂತ್ರ್ಯದ ಬೆನ್ನಿಗೇ ರಾಧಾಕೃಷ್ಣನ್ ಆಯೋಗ ಹೇಳಿತ್ತು. 1964–66ರ ಕೊಠಾರಿ ಆಯೋಗ ಅದಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ಬಳ್ಳಾರಿಯ ಸಂಸದರು. ಓದಿದವರಿಗೂ ಹಳ್ಳಿಯವರಿಗೂ ನಡುವಿನ ಕಂದರ ಮುಚ್ಚುವುದು ಯೋಜನೆಯ ಆಶಯ. ಪೇಟೆಯ ಹುಡುಗ ಹಳ್ಳಿಗೆ ಹೋಗುತ್ತಾನೆ ಎಂಬ ಊಹೆ ಅದರೊಳಗೇ ಇತ್ತು.

ಮೊದಲ ಎರಡು ದಶಕ ಶ್ರಮದಾನದ ಕಾಲ. 1970ರ ದಶಕದ ಬರದಲ್ಲಿ ವಿಶೇಷ ಶಿಬಿರಗಳಿಗೆ ಬರ ಎದುರಿಸುವುದೇ ವಿಷಯವಾಯಿತು. ಆಮೇಲೆ ಗಿಡ ನೆಡುವುದು, ನೈರ್ಮಲ್ಯ, ಗ್ರಾಮ ಪುನರ್ರಚನೆ ಬಂದವು. ವರ್ಷಕ್ಕೆ 120ರಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಕಾಲೇಜು ಆರಿಸಿಕೊಳ್ಳುವ ದತ್ತು ಗ್ರಾಮ, ವಿಶೇಷ ಶಿಬಿರ ಎಂಬ ಚೌಕಟ್ಟು ಗಟ್ಟಿಯಾಯಿತು. ಬೆಳಿಗ್ಗೆ ಗುದ್ದಲಿ, ಮಧ್ಯಾಹ್ನ ಉಪನ್ಯಾಸ, ರಾತ್ರಿ ನಾಟಕ, ಕೊನೆಯ ದಿನ ಸಮಾರೋಪ. 1986ರ ಸಾಮೂಹಿಕ ಕ್ರಿಯಾತ್ಮಕ ಸಾಕ್ಷರತಾ ಕಾರ್ಯಕ್ರಮ ಈ ಕ್ರಮವನ್ನು ಸ್ವಲ್ಪ ಅಲುಗಿಸಿತು. ಚರಂಡಿಯನ್ನು ವಾರದಲ್ಲಿ ತೋಡಬಹುದು, ಅಕ್ಷರ ಕಲಿಸಲು ಅದೇ ಮನೆಗೆ ತಿಂಗಳುಗಟ್ಟಲೆ ಹೋಗಬೇಕು.

2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ಅದುವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕಡೆ ನೋಡುತ್ತಿದ್ದ ಇಲ್ಲಿನ ಕಾಲೇಜುಗಳಿಗೆ ಆಡಳಿತ ಹತ್ತಿರವಾಯಿತು. ಇತ್ತ ಸೇವೆಯ ಅರ್ಥವೂ ಹಿಗ್ಗುತ್ತಿತ್ತು. ಅಂಗವಿಕಲರ ಹಕ್ಕಿಗೆ 1995ರಲ್ಲಿ ಕಾಯ್ದೆ ಬಂದಿತ್ತು. 2016ರ ಹೊಸ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿತು. ಕರ್ನಾಟಕದ 2017ರ ಅಮಾನವೀಯ ಪದ್ಧತಿಗಳ ತಡೆ ಕಾಯ್ದೆ ಮುಟ್ಟಾದವರನ್ನು ಊರಾಚೆ ಇರಿಸುವುದನ್ನು ಅಪರಾಧವೆಂದಿತು. ಕಸ ಗುಡಿಸುವುದರ ಜತೆಗೆ, ಊರೊಳಗೆ ಯಾರನ್ನು ದೂರ ಇಡಲಾಗಿದೆ ಎಂಬ ಪ್ರಶ್ನೆಯೂ ಶಿಬಿರದ ಮುಂದೆ ಬಂದು ನಿಂತಿತು.

ಈ ಪ್ರಶ್ನೆ ಇಲ್ಲಿ ಬರಿಯ ತತ್ವವಲ್ಲ. ಈ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನು ಹಟ್ಟಿಯಾಚೆಯ ಗುಡಿಸಲಲ್ಲಿ ಇರಿಸುವ ರೂಢಿ ಉಳಿದಿದೆ. 2023ರ ಜುಲೈಯಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ತಾಯಿಯ ಹಸುಗೂಸು ತೀರಿಕೊಂಡಿತು. ಹೊರಗಿನಿಂದ ಹೋದವರು ಭಾಷಣ ಮಾಡಿದರೆ ಹಿರಿಯರು ತಲೆಯಾಡಿಸಿ ಕಳಿಸುತ್ತಾರೆ. ಅದೇ ಹಟ್ಟಿಯ ಬಿ.ಎ. ಓದುವ ಹುಡುಗಿ ಅಜ್ಜಿಯ ಹತ್ತಿರ ವರ್ಷವಿಡೀ ಜಗಳವಾಡಬಲ್ಲಳು. ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು; ಅಲ್ಲಿ ಮನೆಮನೆ ಸಮೀಕ್ಷೆಗೆ ಅದೇ ಊರಿನ ವಿದ್ಯಾರ್ಥಿಗಿಂತ ಒಳ್ಳೆಯ ದುಭಾಷಿ ಸಿಗಲಾರ. ಫ್ಲೋರೈಡ್ ನೀರಿನಿಂದ ಹಲ್ಲು ಕಂದಿದ ಮಕ್ಕಳು, ಬೆನ್ನು ಬಾಗಿದ ಹಿರಿಯರು ಆ ವಿದ್ಯಾರ್ಥಿಯ ಪಾಲಿಗೆ ಅಂಕಿಅಂಶವಲ್ಲ, ನೆಂಟರಿಷ್ಟರು.

ನಿರಂತರತೆ ಏನು ಮಾಡಬಲ್ಲದು ಎಂಬುದಕ್ಕೆ ಪಾವಗಡದಲ್ಲೇ ಸಾಕ್ಷಿಯಿದೆ. ಜಪಾನಂದ ಸ್ವಾಮೀಜಿ ಕಟ್ಟಿದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ ದಶಕಗಳಿಂದ ಕುಷ್ಠ ಮತ್ತು ಕ್ಷಯ ರೋಗಿಗಳ ನಡುವೆ ಕೆಲಸ ಮಾಡುತ್ತಿದೆ. ಅದು ವಿದ್ಯಾರ್ಥಿಗಳ ಸಂಸ್ಥೆಯಲ್ಲ, ಆದರೂ ಪಾಠ ಅವರಿಗೂ ಸಲ್ಲುತ್ತದೆ: ಹೊರಗಿಟ್ಟವರನ್ನು ಒಳಗೆ ಕರೆಯುವ ಕೆಲಸ ವಾರದಲ್ಲಿ ಮುಗಿಯುವುದಿಲ್ಲ.

ಇತ್ತೀಚಿನ ಬದಲಾವಣೆಗಳು ಬೇರೆ ದಿಕ್ಕಿನವು. 2021–22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಸೇವೆಗೂ ಕ್ರೆಡಿಟ್ ಸಿಕ್ಕಿತು. 2024ರಲ್ಲಿ ರಾಜ್ಯ ಆ ನೀತಿಯ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸೇವೆಗೆ ಅಂಕ ಬಂದರೆ ಹೆಸರು ನೋಂದಾಯಿಸುವವರು ಹೆಚ್ಚುತ್ತಾರೆ, ಆದರೆ ಮುಂದಾಳತ್ವ ಹೆಚ್ಚುತ್ತದೆ ಎನ್ನಲಾಗದು. ದತ್ತು ಗ್ರಾಮ ಯಾವುದು, ಮಾಡುವ ಕೆಲಸ ಏನು ಎಂಬುದನ್ನು ಯೋಜನೆಯ ಹೊಣೆ ಹೊತ್ತ ಕಾರ್ಯಕ್ರಮಾಧಿಕಾರಿಯೇ ತೀರ್ಮಾನಿಸಿದರೆ ವಿದ್ಯಾರ್ಥಿಗೆ ಉಳಿಯುವುದು ಹಾಜರಿ ಮತ್ತು ಗ್ರೂಪ್ ಫೋಟೊ.

ದಾರಿ ಕಷ್ಟದ್ದೇನಲ್ಲ. ಶಿಬಿರ ಇರಲಿ, ಆದರೆ 240 ಗಂಟೆಯ ದೊಡ್ಡ ಪಾಲು ವಿದ್ಯಾರ್ಥಿಯ ಸ್ವಂತ ಊರಿಗೆ ಸಲ್ಲಲಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜತೆ ಸೇರಿ ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡ್ ಮಾಡಿಸುವುದು, ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಒಯ್ಯುವುದು, ಆಶಾ ಕಾರ್ಯಕರ್ತೆಯೊಂದಿಗೆ ಬಾಣಂತಿಯ ಮನೆಗೆ ಹೋಗುವುದೂ ಸೇವೆಯ ಲೆಕ್ಕಕ್ಕೆ ಬರಲಿ. 1969ರ ಯೋಜನೆ ಮುಚ್ಚಲು ಹೊರಟ ಕಂದರದ ಎರಡೂ ದಡಗಳ ಪರಿಚಯ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಿದೆ. ಕಾಲೇಜುಗಳು ಅವನನ್ನು, ಅವಳನ್ನು ಕೂಲಿಯಾಳಿನಂತೆ ಬಳಸುವುದನ್ನು ಬಿಟ್ಟು ಯೋಜನೆ ರೂಪಿಸುವ ಜಾಗದಲ್ಲಿ ಕೂರಿಸಬೇಕು.