ಪೆರುಜಿಯದ ಭಾಷಾಶಾಲೆ

ಬೀದಿಯಲ್ಲಿ ಒಂದು ನುಡಿ, ಅಡಿಗೆಮನೆಯಲ್ಲಿ ಇನ್ನೊಂದು ನುಡಿ ಎಂದು ಬಾಳುವ ಹೊರನಾಡ ಕನ್ನಡಿಗರಾದ ನಮಗೆ, ಪರದೇಶಿಗಳನ್ನು ಕರೆದು ಕೂರಿಸಿ ತನ್ನ ಭಾಷೆಯನ್ನು ಕಲಿಸುವ ಊರೊಂದರ ಕಥೆ ಬೇಸರ ತರಲಾರದು. ಇಟಲಿಯ ನಡುನಾಡಾದ ಉಂಬ್ರಿಯದಲ್ಲಿರುವ ಪೆರುಜಿಯವೇ ಆ ಊರು.

ರೋಮನರಿಗಿಂತ ಮೊದಲು ಎತ್ರುಸ್ಕರೆಂಬ ಜನ ಬೆಟ್ಟದ ನೆತ್ತಿಯ ಮೇಲೆ ಕಟ್ಟಿದ ಕೋಟೆಯೂರು ಅದು. ಕ್ರಿ.ಪೂ. 3ನೆಯ ಶತಮಾನದ ಹೆಬ್ಬಾಗಿಲು ಇನ್ನೂ ನಿಂತಿದೆ. ಅದರ ಎದುರಿಗೇ, 18ನೆಯ ಶತಮಾನದ ಗಲ್ಲೆಂಗ ಅರಮನೆಯಲ್ಲಿ, ಪರದೇಶಿಗಳ ವಿಶ್ವವಿದ್ಯಾನಿಲಯವುಂಟು. ಆಸ್ತೊರ್ರೆ ಲುಪತ್ತೆಲ್ಲಿ ಎಂಬ ವಕೀಲರು 1921ರಲ್ಲಿ ಆರಂಭಿಸಿದ ಪಾಠಮಾಲೆಯೇ ಅದರ ಬೀಜ. 1925ರಲ್ಲಿ ರಾಜಾಜ್ಞೆಯ ಮುದ್ರೆ ಬಿತ್ತು.

ಕಲಿಯಬಂದವರು ಬಾಡಿಗೆಯ ಕೋಣೆ ಹಿಡಿದು, ಮೆಟ್ಟಿಲೇ ಬೀದಿಯಾದ ಓಣಿಗಳನ್ನು ಹತ್ತಿಳಿಯಬೇಕು. ತರಗತಿಯಲ್ಲಿ ಕೇಳುವುದು ತಸ್ಕನಿಯ ಕವಿಗಳಿಂದ ಬೆಳೆದುಬಂದ ಗ್ರಂಥಭಾಷೆ. ಓಣಿಯ ಮುದುಕಿಯರ ಬಾಯಲ್ಲಿರುವುದು ಊರ ಆಡುನುಡಿ. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಆ ಗ್ರಂಥಭಾಷೆಯನ್ನು ಆಡಬಲ್ಲವರು ಬಹು ಸ್ವಲ್ಪ ಜನ. ಇಟಲಿಯವರಲ್ಲೇ ಬಹುಮಂದಿ ಅದನ್ನು ಕಲಿತದ್ದು ಶಾಲೆಯ ಮಣೆಯ ಮೇಲೆ ಕುಳಿತೇ! ಕ್ರಿಯಾಪದದ ರೂಪಗಳಲ್ಲಿ ಎಡವುವ ಪರದೇಶಿಗೆ ಇದಕ್ಕಿಂತ ಸಮಾಧಾನ ಬೇಕೆ?

ಆದರೆ ಭಾಷೆಯ ಮನೆಗೆ ಅಧಿಕಾರದ ಕಣ್ಣು ಬೀಳುವುದಕ್ಕೆ ತಡವಾಗಲಿಲ್ಲ. 1926ರ ಅಕ್ಟೋಬರ್ 5ರಂದು ಮುಸೊಲಿನಿಯೇ ಇಲ್ಲಿ ಉಪನ್ಯಾಸಕ್ಕೆ ನಿಂತ. ವಿಷಯ, ಪ್ರಾಚೀನ ರೋಮಿನ ಕಡಲಶಕ್ತಿ. ನುಡಿಯನ್ನರಸಿ ಬಂದ ಅತಿಥಿಗಳ ಎಲೆಗೆ ಸಾಮ್ರಾಜ್ಯದ ಹೆಮ್ಮೆಯನ್ನು ಬಡಿಸಿದ್ದು ನಮಗಂತೂ ಒಪ್ಪುವ ಮಾತಲ್ಲ.

ಅದೇ ಪೆರುಜಿಯದ ಮಗ ಆಲ್ದೊ ಕಪಿತೀನಿ. ತಂದೆ ಪುರಭವನದ ಗಂಟೆ ಬಾರಿಸುವವರು. ಗಾಂಧೀಜಿಯವರಿಂದ ಅಹಿಂಸೆಯ ದಾರಿ ಹಿಡಿದ ಈತ 1933ರಲ್ಲಿ ಫ್ಯಾಸಿಸ್ಟ್ ಪಕ್ಷದ ಚೀಟಿಯನ್ನು ಒಲ್ಲೆನೆಂದು ಪೀಸಾದಲ್ಲಿದ್ದ ಕೆಲಸವನ್ನು ಕಳೆದುಕೊಂಡರು. ಊರಿಗೆ ಮರಳಿ ಮನೆಪಾಠದಿಂದ ಹೊಟ್ಟೆಹೊರೆದರು. 1942ರಲ್ಲೂ 1943ರಲ್ಲೂ ಸೆರೆ ಕಂಡರು. 1944ರ ಜೂನಿನಲ್ಲಿ ಊರು ಬಿಡುಗಡೆಯಾಯಿತು. ಪರದೇಶಿಗಳ ವಿಶ್ವವಿದ್ಯಾನಿಲಯದ ಆಡಳಿತವನ್ನು ಆಗ ಒಪ್ಪಿಸಿದ್ದು, ವಾಚಕರೆ, ಈ ಗಂಟೆಯವನ ಮಗನ ಕೈಗೆ. ಸರ್ವಾಧಿಕಾರಿ ಭಾಷಣ ಬಿಗಿದ ಸಂಸ್ಥೆಗೆ ಗಾಂಧಿಯ ಶಿಷ್ಯನೊಬ್ಬ ಯಜಮಾನ!

ಅಧಿಕಾರ ಅವರ ಕೈಯಲ್ಲಿದ್ದುದು 1946ರವರೆಗೆ ಮಾತ್ರ. 1961ರ ಸೆಪ್ಟೆಂಬರ್ 24ರಂದು ಅವರು ಪೆರುಜಿಯದಿಂದ ಸಂತ ಫ್ರಾನ್ಸಿಸರ ಅಸ್ಸಿಸಿಗೆ ಶಾಂತಿಯಾತ್ರೆ ಹೊರಡಿಸಿದರು. 1968ರಲ್ಲಿ ಕಪಿತೀನಿ ತೀರಿಕೊಂಡ ಮೇಲೂ ಆ ದಾರಿಯಲ್ಲಿ ಜನ ಎಷ್ಟೋ ಸಲ ನಡೆದಿದ್ದಾರೆ.